ಬೆಂಡು ಮಲಗಿದ ದಿನ

ಗಂಗಾವತಿ, 9 ಫೆಬ್ರವರಿ 2025, ಭಾನುವಾರ

ಇವತ್ತು ಮೀನು ಸಿಕ್ಕಿತು. ಮೃಗಾಲ್, ಮುಕ್ಕಾಲು ಕೇಜಿ. ನಾಲ್ಕು ತಿಂಗಳಿಂದ ಗಾಳದ ಕೋಲು ಹಿಡಿದು ತಿರುಗಿದ್ದಕ್ಕೆ ಇದೇ ಮೊದಲ ಮೀನು. ನಡುವೆ ಬೆರಳುದ್ದದ ಜಿಲೇಬಿ ಮೀನು ನಾಲ್ಕೈದು ಸಿಕ್ಕಿದ್ದವು, ಅವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು ನಾನು. ಯಾವುದನ್ನು ಜಮಾ ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದು ಗೊತ್ತು.

ಕೋಲು ತರಿಸಿದ್ದು ಕಳೆದ ಆಗಸ್ಟ್‌ನಲ್ಲಿ. ಅದು ಮನೆಗೆ ಬಂದ ವಾರವೇ, 10ನೇ ತಾರೀಕು ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಹೊಳೆಗೆ ಬಿಟ್ಟರು. ಮಿಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಭತ್ತಕ್ಕೆ ನೀರು ಉಳಿಯುತ್ತಾ ಇಲ್ವಾ. ಅಂಥ ಹೊತ್ತಿನಲ್ಲಿ ಮೀನು ಹಿಡಿಯಲು ಹೊರಟೆ ಅಂದರೆ ಜನ ಕಲ್ಲು ಹೊಡೆದಾರು. ಗೇಟಿದ್ದ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೂ ಕೋಲು ಎರಡು ತಿಂಗಳು ಬಾಗಿಲ ಹಿಂದೆಯೇ ನಿಂತಿತ್ತು. ನನ್ನಾಕೆ ಅದರಲ್ಲಿ ಜೇಡರ ಬಲೆ ತೆಗೆದಳು. ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಹೊಳೆಗೆ ಯಾಕೆ ಹೋಗುವುದಿಲ್ಲ ಎಂದು ಮಿಲ್‌ನ ಹುಡುಗರು ಕೇಳುತ್ತಾರೆ. ಡ್ಯಾಮಿನ ಕೆಳಗಿನಿಂದ ಕಂಪ್ಲಿ ಸೇತುವೆವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲೇ ನೀರುನಾಯಿಗಳ ಸಂರಕ್ಷಣಾ ಪ್ರದೇಶ ಎಂದು ಘೋಷಿಸಿದ್ದಾರೆ. ಅಲ್ಲಿ ಮೀನಿನ ಮೇಲೆ ಮೊದಲ ಹಕ್ಕು ಅವುಗಳದ್ದು. ಮೊಸಳೆಯೂ ಇವೆ. ಕೋಲು ಹಿಡಿಯಲು ಕಲಿಯುವವನು ನೀರಂಚಲ್ಲಿ, ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡಿನ ಮೇಲೆ ಕಣ್ಣಿಟ್ಟು ಕೂತಿರುತ್ತಾನೆ, ಅಕ್ಕಪಕ್ಕ ನೋಡುವುದಿಲ್ಲ. ನನಗೆ ಕೆರೆಯೇ ಸಾಕು. ಯಾವ ಕೆರೆ ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಏರಿಯ ಮೇಲೆ ಹತ್ತು ಬೈಕು ನಿಂತಿರುತ್ತವೆ. ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಮೊದಲೇ ಕೇಳಿಕೊಂಡಿದ್ದೇನೆ. ಒಂದು ಕೋಲು, ದಿನಕ್ಕೆ ಒಂದೇ ಮೀನು, ಬಲೆ ಮುಟ್ಟಬಾರದು ಅಂದರು. ನಗುತ್ತಾ ಅಂದರು. ನನ್ನನ್ನು ನೋಡಿದರೆ ಒಂದು ಮೀನಿನ ಭಯವೂ ಬರುವುದಿಲ್ಲ.

ಕಲಿಸಿದವರು ಕಾಕಾ. ನಮ್ಮ ಮಿಲ್‌ನಲ್ಲೇ ಹಮಾಲಿ ಮಾಡಿ ಈಗ ಮನೆಯಲ್ಲಿರುವವರು. ಚಿಕ್ಕಂದಿನಿಂದ ಗಾಳ ಹಾಕಿದ ಕೈ. ಅವರ ಕೋಲು ಒಂದು ಬಿದಿರ ಗಳ, ತುದಿಗೆ ತಂಗೂಸು ದಾರ. ದಾರ ಸುತ್ತುವ ರೀಲ್ ಇಲ್ಲ ಏನಿಲ್ಲ. ಮೊದಲ ದಿನ ನನ್ನ ಸಾಮಾನಿನ ಡಬ್ಬಿ ತೆರೆದು ನೋಡಿದರು. ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು, ಗುಂಡುಸೂಜಿಯಂಥ ಕೊಂಡಿಗಳು, ಏನೇನೋ. ಒಂದೊಂದೇ ಎತ್ತಿ ನೋಡಿ ವಾಪಸ್ ಇಟ್ಟು, "ತಮ್ಮಾ, ಇದು ಜಾತ್ರಿ ಅಂಗಡಿ ಆತಲ್ಲೋ" ಅಂದರು.

ಗಾಳಗಳ ಬಗ್ಗೆ ನನ್ನ ಪೆದ್ದುತನ ಬರೆದಿಡಬೇಕು. ಗಾಳಕ್ಕೆ ನಂಬರು ಇರುತ್ತದೆ. ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. 12ನೇ ನಂಬರು ಹೆಚ್ಚುಕಡಿಮೆ ಭತ್ತದ ಕಾಳಿನುದ್ದ, 6 ಅದಕ್ಕಿಂತ ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದ ಮುಂದೆ 1/0, 2/0 ಅಂತ ಉಲ್ಟಾ ಲೆಕ್ಕದಲ್ಲಿ ಬೆಳೆಯುತ್ತಾ ಹೋಗುತ್ತದೆ. ನಾನು 1/0 ಅಂದರೆ ಎಲ್ಲಕ್ಕಿಂತ ಸಣ್ಣದು ಅಂದುಕೊಂಡು ಒಂದು ಪ್ಯಾಕೆಟ್ ತರಿಸಿದ್ದೆ. ಒಂದನ್ನು ಸೊನ್ನೆಯಿಂದ ಭಾಗಿಸಬಾರದು ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದರು, ಮರೆತಿದ್ದೆ. ಬಂದಿದ್ದು ಕೊಡೆಯ ಹಿಡಿಕೆಯಂಥ ಗಾಳ. ನಮ್ಮ ಕೆರೆಯ ಮೀನುಗಳಿಗೆ 6 ಅಥವಾ 8 ಸಾಕು. ಕೋಲು ಆರೇಳು ಅಡಿ ಉದ್ದ, ದಾರ 0.30 ಮಿಲಿಮೀಟರ್. ಕಲಿಯುವವರಿಗೆ ಇದಕ್ಕಿಂತ ಜಾಸ್ತಿ ಬೇಡ. ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ಇಕ್ಕಳ ಕೊಳ್ಳಿ. ಭಾರಕ್ಕೆ ಹಾಕುವ ಸೀಳಿದ ಸೀಸದ ಗುಂಡನ್ನು ದಾರಕ್ಕೆ ಕಚ್ಚಿಸಲು ಕಾಕಾ ಹಲ್ಲು ಬಳಸುತ್ತಾರೆ. ಸೀಸವನ್ನು ಬಾಯಿಗೆ ಇಡಬಾರದು, ಅವರಿಗೆ ಹೇಳಿ ಹೇಳಿ ಸಾಕಾಗಿದೆ.

ಡಿಸೆಂಬರ್‌ವರೆಗೂ ನಾನು ಮಾಡಿದ್ದು ಒಂದೇ ಕೆಲಸ. ಬೆಂಡಿನಿಂದ ಒಂದೂವರೆ ಅಡಿ ಕೆಳಗೆ ಗಾಳ, ಗಾಳಕ್ಕೆ ಎರೆಹುಳು, ಎಸೆಯುವುದು, ಕೂರುವುದು. ಹುಳು ಜಿಲೇಬಿ ಮೀನಿನ ಪಾಲು. ಮಗ ಎರಡು ಭಾನುವಾರ ಜೊತೆಗೆ ಬಂದ. ಮೂರನೇ ವಾರ ಬೈಕ್ ಹತ್ತುವಾಗ, "ಪಪ್ಪಾ, ಮೀನ್ ಮಾರ್ಕೆಟ್ ಆ ಕಡೆ" ಅಂದು ಒಳಗೆ ಓಡಿದ.

ಅವನ ಮಾತು ಒಂದು ಥರದಲ್ಲಿ ಸರಿಯೇ ಆಯಿತು. ಕಾಕಾ ನನ್ನನ್ನು ನಿಜವಾಗಿಯೂ ಮಾರ್ಕೆಟ್‌ಗೆ ಕರೆದುಕೊಂಡು ಹೋದರು. ಕೊಳ್ಳಲಿಕ್ಕಲ್ಲ. ಮೀನಿನವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ಮೀನು ಸಾಲಾಗಿ ಇಟ್ಟರು. ಕಾಟ್ಲಾ, ರೋಹು, ಮೃಗಾಲ್. "ಬಾಯಿ ನೋಡು" ಅಂದರು.

ನೋಡಿದೆ. ನಲವತ್ತು ವರ್ಷ ಮೀನು ತಿಂದವನು ಒಂದು ಸಲವೂ ನೋಡಿರಲಿಲ್ಲ. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲಕ್ಕೆ ತೆರೆದಿದೆ, ಆಕಾಶ ನೋಡುತ್ತಿರುವ ಹಾಗೆ. ಅದು ನೀರಿನ ಮೇಲುಭಾಗದಲ್ಲಿ ತಿನ್ನುವ ಮೀನು. ರೋಹುವಿನ ಬಾಯಿ ಸ್ವಲ್ಪ ಕೆಳಗೆ, ತುಟಿಗೆ ಜಾಲರಿಯಂಥ ಅಂಚು. ಅದು ಹೆಚ್ಚಾಗಿ ನಡುನೀರಿನದ್ದು. ಮೃಗಾಲ್‌ನ ಬಾಯಿ ಪೂರ್ತಿ ಕೆಳಗೆ, ಮೂತಿಯ ಅಡಿಗೆ. ನೆಲ ಕೆದಕಿ ತಿನ್ನುವ ಮೀನು. ಒಂದೇ ಕೆರೆಯಲ್ಲಿ ಮೂರನ್ನೂ ಕೂಡಿಸಿ ಬಿಡುವುದು ಅದಕ್ಕೇ ಅಂತೆ. ಮೇಲಿನದು ಒಂದಕ್ಕೆ, ನಡುವಿನದು ಇನ್ನೊಂದಕ್ಕೆ, ತಳದ್ದು ಮತ್ತೊಂದಕ್ಕೆ. ಜಗಳ ಕಡಿಮೆ.

"ಮೀನು ನೆಲದಾಗ ಉಣ್ಣಾಕತ್ತೈತಿ, ನೀ ಮಾಳಿಗಿ ಮ್ಯಾಲ ಎಲಿ ಹಾಕಿ ಕುಂತಿ" ಅಂದರು ಕಾಕಾ. ಮೀನಿನವಳು ಜೋರಾಗಿ ನಕ್ಕಳು. ಏನೂ ಕೊಳ್ಳದೆ ಎದ್ದು ಬರಲು ನಾಚಿಕೆಯಾಗಿ ಒಂದು ರೋಹು ಕಟ್ಟಿಸಿಕೊಂಡೆ.

ಆಮೇಲೆ ಶುರುವಾಯಿತು ಆಳ ಅಳೆಯುವ ಪಾಠ. ಗಾಳಕ್ಕೆ ಹಳೇ ನಟ್ಟು ಸಿಕ್ಕಿಸಿ ನೀರಿಗೆ ಬಿಡುವುದು. ಬೆಂಡು ಮುಳುಗಿಹೋದರೆ ಆಳ ಇನ್ನೂ ಇದೆ, ಬೆಂಡನ್ನು ದಾರದಲ್ಲಿ ಇನ್ನಷ್ಟು ಮೇಲಕ್ಕೆ ಸರಿಸು. ಅಡ್ಡ ಬಿದ್ದು ತೇಲಿದರೆ ದಾರ ಜಾಸ್ತಿಯಾಯಿತು, ಇಳಿಸು. ಬೆಂಡಿನ ತಲೆ ಮಾತ್ರ ಕಂಡರೆ ಅದೇ ಆಳ. ನಾನು ಕೂರುವ ಕಡೆ ಐದು ಅಡಿ ಇತ್ತು. ಒಂದೂವರೆ ಅಡಿಯಲ್ಲಿ ಡಿಸೆಂಬರ್‌ವರೆಗೂ ಕಳೆದಿದ್ದೆನಲ್ಲ, ಆ ಲೆಕ್ಕ ಯಾರ ಮುಂದೆ ಹೇಳುವುದು?

ಬೆಂಡೂ ಕಾಕಾ ಮಾಡಿಕೊಟ್ಟದ್ದೇ. ನನ್ನ ಪ್ಲಾಸ್ಟಿಕ್ ಬೆಂಡು ಗಿಡ್ಡ, ಬುಗುರಿಯ ಹಾಗೆ ದಪ್ಪ. ಸಣ್ಣ ಕಚ್ಚು ಅದಕ್ಕೆ ಗೊತ್ತಾಗುವುದೇ ಇಲ್ಲ. ಅವರು ಒಣಗಿದ ಜೋಳದ ದಂಟು ತಂದು, ಮೇಲಿನ ಗಟ್ಟಿ ಸಿಪ್ಪೆಯನ್ನು ಬ್ಲೇಡಿನಿಂದ ಎಳೆಎಳೆಯಾಗಿ ಸುಲಿದರು. ಒಳಗಿನ ಬಿಳಿ ಬೆಂಡು ಬೆರಳುದ್ದ ಕತ್ತರಿಸಿದರು. ಚಿಕ್ಕವರಿದ್ದಾಗ ಅದರಲ್ಲೇ ಗಾಡಿ ಮಾಡಿ ಸಿಪ್ಪೆಯ ಕಡ್ಡಿ ಚುಚ್ಚಿ ಆಡುತ್ತಿದ್ದೆವು, ನೆನಪಿದೆಯಾ? ಸಿಪ್ಪೆಯ ಒಂದು ಕಡ್ಡಿಯನ್ನು ಉದ್ದಕ್ಕೆ ತೂರಿಸಿ, ತಲೆಗೆ ನನ್ನಾಕೆಯ ಕೆಂಪು ನೇಲ್ ಪಾಲಿಶ್ ಹಚ್ಚಿದರು. ಮೇಣ ಸವರದೆ ಬಿಟ್ಟರೆ ಗಂಟೆ ಎರಡು ಗಂಟೆಗೆ ನೀರು ಕುಡಿದು ಭಾರವಾಗುತ್ತದೆ. ಮೇಣದ ಬತ್ತಿ ಉಜ್ಜಿದರೆ ಆಯಿತು.

ಎರಡು ವಾರದ ಹಿಂದೆ ಆಳವೂ ಸರಿಯಿತ್ತು, ಮೀನೂ ಬಂತು. ದಡದ ಹತ್ತಿರ ಬಂದು ಒಂದು ಸಲ ಬೆನ್ನು ತೋರಿಸಿತು. ದಾರ ಸಡಿಲವಾಯಿತು. ಸುತ್ತಿ ನೋಡಿದರೆ ಗಾಳವೇ ಇಲ್ಲ. ದಾರ ಕಡಿಯಿತು, ಕಂಪನಿ ಮಾಲು ಸರಿಯಿಲ್ಲ ಅಂತ ಬೈಯುತ್ತಿದ್ದೆ. ಕಾಕಾ ದಾರದ ತುದಿಯನ್ನು ಕಣ್ಣ ಹತ್ತಿರ ಹಿಡಿದರು. ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. "ಕಡದಿಲ್ಲ, ಗಂಟು ಬಿಚ್ಚೇತಿ" ಅಂದರು. ಕಡಿದ ದಾರದ ತುದಿ ಹೀಗೆ ಸುತ್ತಿರುವುದಿಲ್ಲ. ಸುರುಳಿ ಕಂಡರೆ ಗಂಟು ಜಾರಿದೆ ಅಂತಲೇ ಅರ್ಥ. ನಾನು ಹಾಕಿದ್ದು ಚೀಲದ ಬಾಯಿಗೆ ಹಾಕುವ ಮಾಮೂಲಿ ಗಂಟು. ನೈಲಾನ್ ನುಣುಪು, ಅದು ನಿಲ್ಲುವುದಿಲ್ಲ.

ಸರಿಯಾದ ಗಂಟು ಹೀಗೆ. ಗಾಳದ ಕಣ್ಣಿನಲ್ಲಿ ದಾರ ತೂರಿಸಿ ಒಂದು ಗೇಣು ಹೊರಗೆ ತೆಗೆಯಿರಿ. ಆ ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ಹಾಯಿಸಿ. ಹಾಯಿಸಿದಾಗ ಹೊಸದೊಂದು ದೊಡ್ಡ ಕುಣಿಕೆ ಆಗುತ್ತದೆ, ಅದರೊಳಗೂ ಹಾಯಿಸಿ. ಎಳೆಯುವ ಮುಂಚೆ ಗಂಟಿಗೆ ಎಂಜಲು ಹಚ್ಚಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಸೋಲುತ್ತದೆ. ಸುತ್ತುಗಳು ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಕೂತರೆ ಸರಿ. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಹಾಕಬೇಕು. ವಾರಪೂರ್ತಿ ಮಿಲ್‌ನಲ್ಲಿ ಕ್ಯಾಲ್ಕುಲೇಟರ್ ಪಕ್ಕ ಗಾಳ ಇಟ್ಟುಕೊಂಡು ಇದನ್ನೇ ಹಾಕಿದೆ. ಹೆಬ್ಬೆರಳಿಗೂ ಒಂದು ಚುಚ್ಚಿಕೊಂಡಿತು. ಒಳಮುಳ್ಳು ಇರುವುದರಿಂದ ಹಿಂದಕ್ಕೆ ಬರಲಿಲ್ಲ. ಡಾಕ್ಟರ ಹತ್ತಿರ ತೆಗೆಸಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಈಗ ಎಲ್ಲ ಗಾಳಗಳ ಒಳಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದೇನೆ. ದಾರ ಬಿಗಿ ಇಟ್ಟರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಬಿಡುವ ಮೀನಿಗೂ ಗಾಯ ಕಡಿಮೆ.

ಇವತ್ತು ಬೆಳಗ್ಗೆ ಆರೂಕಾಲಕ್ಕೆ ಕೆರೆಯಲ್ಲಿದ್ದೆವು. ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಕಾಕಾ ಮಫ್ಲರ್ ಸುತ್ತಿದ್ದರು. ಮಿಲ್‌ನಿಂದ ನಿನ್ನೆಯ ತೌಡು ತಂದಿದ್ದೆ. ಹೊಸ ತೌಡೇ ಆಗಬೇಕು. ತೌಡಿನಲ್ಲಿ ಎಣ್ಣೆ ಇರುತ್ತದಲ್ಲ, ನಾಲ್ಕು ದಿನ ಇಟ್ಟರೆ ಕಮಟು ಹಿಡಿಯುತ್ತದೆ. ತೌಡಿಗೆ ಶೇಂಗಾ ಹಿಂಡಿ ಪುಡಿ ಬೆರೆಸಿ, ಕೆರೆಯ ಮಣ್ಣು ಸೇರಿಸಿ ಕಿತ್ತಳೆ ಗಾತ್ರದ ಮೂರು ಉಂಡೆ ಮಾಡಿ ಬೆಂಡು ಬೀಳುವ ಜಾಗಕ್ಕೆ ಹಾಕಿದೆವು. ಸಾಕಿದ ಮೀನಿಗೆ ಹಾಕುವ ತಿಂಡಿಯೂ ಇದೇ, ತೌಡು ಮತ್ತು ಹಿಂಡಿ. ವಾಸನೆ ಪರಿಚಯದ್ದು. ಗಾಳಕ್ಕೆ ಮೈದಾ, ಜೋಳದ ಹಿಟ್ಟು, ಸ್ವಲ್ಪ ಹಿಂಡಿ ಕಲಸಿದ ಕಡಲೆಕಾಳಿನಷ್ಟು ಉಂಡೆ. ರೊಟ್ಟಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು, ಇಲ್ಲದಿದ್ದರೆ ಎಸೆದಾಗಲೇ ಉದುರಿಹೋಗುತ್ತದೆ.

ಸೀಸದ ಗುಂಡನ್ನು ಕಾಕಾ ಗಾಳದಿಂದ ಎರಡೇ ಬೆರಳು ಮೇಲೆ ಕಚ್ಚಿಸಿದರು. ಈ ಸಲ ಇಕ್ಕಳದಲ್ಲಿ! ಗುಂಡು ತಳದಲ್ಲಿ ಕೂತಿತು. ದಾರ ಸ್ವಲ್ಪ ಬಿಗಿ ಮಾಡಿದಾಗ ಬೆಂಡು ನೆಟ್ಟಗೆ ನಿಂತಿತು.

ಏಳು ಗಂಟೆಯ ಹೊತ್ತಿಗೆ ಬೆಂಡಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ತಳದಲ್ಲಿ ಯಾರೋ ಕೆಸರು ಕೆದಕುತ್ತಿದ್ದಾರೆ. ಬೆಂಡು ನಡುಗಿತು. ನನ್ನ ಕೈ ಎತ್ತಲು ಹೋಯಿತು. ಕಾಕಾ ಮೊಣಕೈ ಹಿಡಿದರು. ಮತ್ತೆ ನಡುಗಿತು, ನಿಂತಿತು. ನಾನು ಅದು ಮುಳುಗುವುದನ್ನೇ ಕಾಯುತ್ತಿದ್ದೆ. ಅದು ಮುಳುಗಲಿಲ್ಲ. ಉಲ್ಟಾ, ಮೆಲ್ಲಗೆ ಮೇಲೆದ್ದಿತು. ಕೆಂಪು ತಲೆಯ ಕೆಳಗಿನ ಬಿಳಿ ಮೈ ಒಂದಿಂಚು, ಎರಡಿಂಚು ಕಂಡಿತು, ಆಮೇಲೆ ನಿದ್ದೆ ಬಂದವರ ಹಾಗೆ ನೀರಿನ ಮೇಲೆ ಅಡ್ಡ ಮಲಗಿಬಿಟ್ಟಿತು.

"ಈಗ!" ಅಂದರು ಕಾಕಾ.

ಮೀನು ತಲೆ ತಗ್ಗಿಸಿ ಉಂಡೆ ಬಾಯಿಗೆ ಹಾಕಿಕೊಂಡು ತಲೆ ಎತ್ತಿದಾಗ ಸೀಸದ ಗುಂಡೂ ಜೊತೆಗೆ ಏಳುತ್ತದೆ. ಹಿಡಿದಿಟ್ಟ ಭಾರ ಹೋದರೆ ಬೆಂಡು ಮಲಗದೆ ಏನು ಮಾಡುತ್ತದೆ? ಇದೆಲ್ಲ ಆಮೇಲೆ ಚಹಾ ಕುಡಿಯುವಾಗ ತಿಳಿದದ್ದು. ಆಗ ನಾನು ಸುಮ್ನೆ ಮಣಿಕಟ್ಟು ಎತ್ತಿದೆ. ಕೋಲು ಬಾಗಿತು. ರೀಲ್ ಕಿರ್ರೆಂದು ದಾರ ಬಿಟ್ಟುಕೊಟ್ಟಿತು. ರೀಲಿನ ಮುಂದೆ ಒಂದು ತಿರುಪು ಇರುತ್ತದೆ, ಡ್ರ್ಯಾಗ್ ಅಂತ. ದಾರ ತಡೆಯುವ ಭಾರದ ಮೂರನೇ ಒಂದು ಪಾಲಿಗೇ ರೀಲ್ ದಾರ ಬಿಡುವ ಹಾಗೆ ಅದನ್ನು ಸಡಿಲ ಇಡಬೇಕು. ಮೀನು ಎಳೆದಾಗ ಸುತ್ತಬಾರದು, ಅದು ನಿಂತಾಗ ಸುತ್ತಬೇಕು. ಮಿಲ್‌ನಲ್ಲಿ ಬಾಕಿ ವಸೂಲಿಯೂ ಹೀಗೇ ಅಲ್ವಾ.

ಐದಾರು ನಿಮಿಷಕ್ಕೆ ದಡಕ್ಕೆ ಬಂತು. ಬೆಳ್ಳಿ ಮೈ, ಹೊಟ್ಟೆಯ ಕಡೆ ರೆಕ್ಕೆ ನಸುಗೆಂಪು. ಕೈ ಒದ್ದೆ ಮಾಡಿಕೊಂಡು ಹಿಡಿದು ಮೊದಲು ಬಾಯಿ ನೋಡಿದೆ. ಕೆಳಗೇ ಇತ್ತು. ಗಾಳ ಕೆಳತುಟಿಯ ಅಂಚಿಗೆ ಸಿಕ್ಕಿತ್ತು, ಎರಡೇ ಬೆರಳಿನಲ್ಲಿ ಹೊರಗೆ ಬಂತು.

ಎಂಟೂವರೆಗೆ ಇನ್ನೊಂದು ಬಂತು, ಗೇಣುದ್ದದ್ದು. ಕರಾರು ಒಂದೇ ಮೀನಿಗಲ್ವಾ, ನೀರಲ್ಲೇ ಹಿಡಿದು ಗಾಳ ಬಿಡಿಸಿ ಬಿಟ್ಟೆ. ಹೊರಡುವಾಗ ಕಾಕಾ ಏರಿಯ ಮೇಲೆ ಯಾರೋ ಬಿಸಾಡಿದ ದಾರದ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಹೋದ ವರ್ಷ ಒಂದು ಬೆಳ್ಳಕ್ಕಿ ಕಾಲಿಗೆ ಇಂಥದ್ದೇ ಸುತ್ತಿಕೊಂಡು ಜಾಲಿಗಿಡದಲ್ಲಿ ನೇತಾಡುತ್ತಿದ್ದುದನ್ನು ಅವರು ನೋಡಿದ್ದಾರೆ.

ಮನೆಯಲ್ಲಿ ಮಗ ಮೀನನ್ನು ತಿರುಗಿಸಿ ಮುರುಗಿಸಿ ನೋಡಿದ. "ಯಾವ ಅಂಗಡಿಯದು?" ಅಂದ. ಬಾಯಿ ಎತ್ತ ಕಡೆ ಇದೆ ನೋಡು ಅಂದೆ. ನೋಡಿದ. ಮುಂದಿನ ವಾರ ತಾನೂ ಬರುತ್ತಾನಂತೆ. ಕಾಕಾನ ಮಗಳ ಊರು ಕುಷ್ಟಗಿ ಕಡೆ, ಅಲ್ಲಿ ಜೋಳ ಕೊಯ್ಲಿಗೆ ಬಂದಿದೆ. ಒಂದು ಕಟ್ಟು ದಂಟು ಕಳಿಸಲು ಹೇಳಿದ್ದೇನೆ. ನೇಲ್ ಪಾಲಿಶ್ ಮಾತ್ರ ಬೇರೆ ಬಾಟಲಿ ತರಬೇಕು.