ಚೀಲದಲ್ಲಿ ಬಂದದ್ದು ಯಾವ ಕೋರಿ?

ಹೊಸ ಮೀನು ಬಂದ ದಿನ ಚೀಲದ ಗಂಟು ಬಿಚ್ಚುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಬೇಕು. ಕೋರಿ ಎಂದರೆ ಟ್ಯಾಂಕಿನಲ್ಲಿ ಸಾಕುವ ಕೋರಿಡೋರಸ್ ಎಂಬ ಪುಟ್ಟ ಮೀಸೆ ಮೀನು. 'ಪಿಗ್ಮಿ ಕೋರಿ' ಎಂಬ ಹೆಸರಿನಲ್ಲಿ ಮೂರು ಬೇರೆ ಮೀನುಗಳು ಕೈಗೆ ಬರುತ್ತವೆ. ಮೂಗಿನಿಂದ ಬಾಲದ ಬುಡದವರೆಗೆ ಕಪ್ಪು ಗೆರೆ ಕಡಿಯದೆ ಸಾಗಿದ್ದರೆ ಪಿಗ್ಮೇಯಸ್. ಗೆರೆ ಮಸುಕಾಗಿದ್ದು, ಬಾಲದ ಬುಡದಲ್ಲಿ ಬಿಳಿ ಅಂಚಿನ ಕಪ್ಪು ಭರ್ಜಿಮೊನೆ ಎದ್ದು ಕಂಡರೆ ಹ್ಯಾಸ್ಟೇಟಸ್. ಗೆರೆ ತುಂಡಾಗಿ ಮಚ್ಚೆಗಳಾಗಿದ್ದರೆ ಹ್ಯಾಬ್ರೋಸಸ್. ಬಣ್ಣವನ್ನು ನಂಬಬೇಡಿ, ಪ್ರಯಾಣದಲ್ಲಿ ಬೆದರಿದ ಮೀನು ಬಿಳಿಚಿಕೊಂಡಿರುತ್ತದೆ. ಕಪ್ಪು ಗೆರೆ ಇದ್ದೂ ಬಾಯಿಂದ ಚೀಲದ ಗೋಡೆಗೆ ಅಂಟಿ ನಿಂತಿದ್ದರೆ ಅದು ಕೋರಿಯೇ ಅಲ್ಲ, ಪಾಚಿ ತಿನ್ನುವ ಓಟೋಸಿಂಕ್ಲಸ್.

ಬ್ರೆಜಿಲ್‌ನ ಮಡೈರಾ ನದಿ ಸೀಮೆಯ ಪಿಗ್ಮೇಯಸ್‌ಗೆ 1966ರಲ್ಲಿ ಹೆಸರು ಬಿತ್ತು. 2024ರ ಮರುವಿಂಗಡಣೆಯಲ್ಲಿ ಅದು ಕೋರಿಡೋರಸ್ ಕುಲದಿಂದ ಗ್ಯಾಸ್ಟ್ರೋಡರ್ಮಸ್‌ಗೆ ಹೋಯಿತು. ಬೆಳೆದರೂ ಸುಮಾರು ಎರಡೂವರೆ ಸೆಂ.ಮೀ. ಅಷ್ಟೇ. ಗುರುತು ಮುಖ್ಯವಾಗುವುದು ಸಾಕುವಾಗ: ಹ್ಯಾಬ್ರೋಸಸ್ ತಳ ಬಿಡುವುದು ಕಡಿಮೆ, ಉಳಿದೆರಡು ಗುಂಪುಗೂಡಿ ನಡುನೀರಿನಲ್ಲಿ ತೇಲುತ್ತವೆ. ಹಾಗಾಗಿ ತಳದಲ್ಲಿ ಮರಳಿನ ಜೊತೆಗೆ ನಡುಮಟ್ಟದಲ್ಲಿ ಕೂರಲು ಅಗಲ ಎಲೆಯ ಗಿಡವೂ ಬೇಕು.

ಚೀಲವನ್ನು ಟ್ಯಾಂಕಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೇಲಿಸಿ. ಹತ್ತಿರದಿಂದ ಬಂದ ಮೀನಾದರೆ ಏರ್ ಟ್ಯೂಬಿಗೆ ಗಂಟು ಹಾಕಿ, ಸೆಕೆಂಡಿಗೆ ಎರಡು-ಮೂರು ಹನಿಯಂತೆ ಟ್ಯಾಂಕಿನ ನೀರನ್ನು ಚೀಲಕ್ಕೆ ಇಳಿಸಿ, ಚೀಲದ ನೀರು ಎರಡರಷ್ಟಾಗುವವರೆಗೆ. ಒಂದು ದಿನಕ್ಕಿಂತ ಹೆಚ್ಚು ಚೀಲದಲ್ಲಿದ್ದರೆ ಈ ನಿಧಾನವೇ ಕೊಲ್ಲುತ್ತದೆ. ಮುಚ್ಚಿದ ಚೀಲದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿದಿರುತ್ತದೆ, ಅದರಿಂದ ಮೀನು ಹೊರಹಾಕಿದ ಅಮೋನಿಯಾದ ವಿಷ ತಗ್ಗಿರುತ್ತದೆ. ಬಾಯಿ ಬಿಚ್ಚಿದೊಡನೆ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಅಂಥ ಮೀನನ್ನು ಉಷ್ಣತೆ ಹೊಂದಿಸಿದ ಕೂಡಲೇ ಟ್ಯಾಂಕಿಗೆ ಸಾಗಿಸಿಬಿಡಿ.

ಬಲೆ ಬೇಡ, ಸಣ್ಣ ಲೋಟ ಸಾಕು. ಬೆದರಿದ ಕೋರಿ ಪಕ್ಕದ ರೆಕ್ಕೆಯ ಮುಳ್ಳನ್ನು ಅಡ್ಡ ಚಾಚಿ ಬಿಗಿಹಿಡಿಯುತ್ತದೆ, ಅದು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಬಿದ್ದರೆ ಎಳೆಯದೆ ಬಲೆಯನ್ನೇ ಕತ್ತರಿಸಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಲೇಬೇಡಿ.

ಹತ್ತು ಮೀನಿನ ಗುಂಪಿಗೆ 60 ಸೆಂ.ಮೀ. ಉದ್ದದ ಟ್ಯಾಂಕ್, ಎರಡು ಸೆಂ.ಮೀ. ನಯ ಮರಳು, ಸ್ಪಾಂಜ್ ಫಿಲ್ಟರ್. ಉಷ್ಣತೆ 22ರಿಂದ 26 ಡಿಗ್ರಿ. ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ಇರದ ಹೊಸ ಟ್ಯಾಂಕಿಗೆ ಇವನ್ನು ಬಿಡುವುದು ಅನ್ಯಾಯ. ಮೀಸೆ ಸವೆದರೆ ಎಲ್ಲರೂ ಒರಟು ಜಲ್ಲಿಯನ್ನು ದೂರುತ್ತಾರೆ. ಮರಳಿನಲ್ಲಿ ಕೊಳೆಯುವ ತಿನಿಸನ್ನು ಮೊದಲು ಅನುಮಾನಿಸಿ.

ಆಗೊಮ್ಮೆ ಈಗೊಮ್ಮೆ ಮೇಲಕ್ಕೆ ಜಿಗಿದು ಗಾಳಿ ನುಂಗಿದರೆ ಗಾಬರಿ ಬೇಡ, ಇವು ಕರುಳಿನಿಂದಲೂ ಉಸಿರಾಡುತ್ತವೆ. ಎಲ್ಲವೂ ಬಿಡದೆ ಏರುತ್ತಿದ್ದರೆ ಮಾತ್ರ ಆಮ್ಲಜನಕ ಕಡಿಮೆಯಾಗಿದೆಯೇ, ನೀರು ಕೆಟ್ಟಿದೆಯೇ ನೋಡಿ.

ಮೊದಲ ರಾತ್ರಿ ದೀಪ ಆರಿಸಿದ ಮೇಲೆ ಆಗಷ್ಟೇ ಮರಿಯಾದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿ) ಕೊಡಿ, ಇಲ್ಲವೇ ಪುಡಿ ಮಾಡಿದ ತಿನಿಸು. ಇಡೀ ಗುಳಿಗೆ ಈ ಪುಟ್ಟ ಬಾಯಿಗೆ ಹಿಡಿಸದು. ಬೆಳಗ್ಗೆ ಹೊಟ್ಟೆ ನೋಡಿ: ಗುಂಡಗಿದ್ದರೆ ತಿಂದಿವೆ, ಒಳಗೆ ಸೆಳೆದಿದ್ದರೆ ದಿನಕ್ಕೆ ಮೂರು ಸಲ ಚಿಟಿಕೆ ಚಿಟಿಕೆಯಾಗಿ ಕೊಟ್ಟು, ಉಳಿದದ್ದನ್ನು ಪೈಪಿನಿಂದ ಹೀರಿ ತೆಗೆಯಿರಿ.