ಟಸ್ಕನಿಯಲ್ಲಿ ಬಾಡಿಗೆ ಕಾರು: ವಿಜಯಪುರದಿಂದ ಹೊರಡುವವರಿಗೆ

ಇಟಲಿಯ ಟಸ್ಕನಿ ಪ್ರಾಂತ್ಯದಿಂದ ಮರಳಿದ ಮೇಲೆ ತಿಕೋಟಾ ಸುತ್ತಲಿನ ದ್ರಾಕ್ಷಿ ಬೆಳೆಗಾರರು ನಮ್ಮನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ರಸ್ತೆಯ ಬಲಬದಿಯಲ್ಲಿ ಹೇಗೆ ಓಡಿಸಿದಿರಿ? ಅದಕ್ಕೆ ಉತ್ತರ ಚಿಕ್ಕದು, ಮುಂದೆ ಹೇಳುತ್ತೇನೆ. ಯಾರೂ ಕೇಳದ, ಆದರೆ ನಮ್ಮ ಹಣವನ್ನೂ ನೆಮ್ಮದಿಯನ್ನೂ ತಿಂದುಹಾಕಿದ ಜಾಗವೆಂದರೆ ಪಿಸಾ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರ್. ವೀಸಾ, ವಿಮಾನ, ಹೋಟೆಲ್‌ಗಳ ಮಾತು ಇಲ್ಲಿ ಬೇಡ. ಅದನ್ನೆಲ್ಲ ಬುಕಿಂಗ್ ತಾಣಗಳೇ ಹೇಳುತ್ತವೆ.

ಹೋದವರು ನಾಲ್ವರು: ನಾನು, ನಮ್ಮ ಯಜಮಾನರು, ಭಾವ ಮತ್ತು ನೆಗೆಣ್ಣಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾಗುವ ಮೊದಲು ತೋಟದಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ, ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿ ದ್ರಾಕ್ಷಿ ಕೊಯ್ಲು. ನಮ್ಮ ಮನೆಯಲ್ಲಿ ದೂರದ ದಾರಿಗೆ ಸ್ಟಿಯರಿಂಗ್ ಹಿಡಿಯುವವಳು ನಾನು. ಒಣದ್ರಾಕ್ಷಿ ವ್ಯಾಪಾರಕ್ಕೆಂದು ಸಾಂಗಲಿಗೆ ಹೋಗುವಾಗಲೂ ನಾನೇ ಓಡಿಸುತ್ತೇನೆ. ಹೀಗಾಗಿ ಕಾರನ್ನು ನನ್ನ ಹೆಸರಿನಲ್ಲಿ ಕಾಯ್ದಿರಿಸಿ, ಹಣವನ್ನು ಯಜಮಾನರ ಕ್ರೆಡಿಟ್ ಕಾರ್ಡಿನಿಂದ ಕಟ್ಟಿದ್ದೆವು. ಕಾಯ್ದಿರಿಸುವಾಗ ಯಾರೂ ತಕರಾರು ಮಾಡಲಿಲ್ಲ. ಕೌಂಟರ್‌ನಲ್ಲಿ ಮಾತ್ರ ಆ ಯುವಕ ಕಾರ್ಡ್ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ಮುಖ್ಯ ಚಾಲಕರು ಯಾರೋ ಅವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಂತೆ. ನನ್ನ ಡೆಬಿಟ್ ಕಾರ್ಡ್ ನಡೆಯಲಿಲ್ಲ, ಮುಂಚೆಯೇ ಯೂರೋ ತುಂಬಿಸಿಕೊಂಡು ಹೋಗಿದ್ದ ಫಾರೆಕ್ಸ್ ಕಾರ್ಡೂ ನಡೆಯಲಿಲ್ಲ. ಯಜಮಾನರೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದ್ದರಿಂದ ಬಚಾವಾದೆವು. ಕಾಗದದ ಮೇಲೆ ಅವರು ಮುಖ್ಯ ಚಾಲಕರಾದರು, ನಾನು ಹೆಚ್ಚುವರಿ ಚಾಲಕಿಯಾದೆ, ಆ ಹೆಚ್ಚುವರಿ ಹೆಸರಿಗೆ ದಿನಕ್ಕೆ 10 ಯೂರೋ ಹೆಚ್ಚುವರಿ ಹಣ.

ಇದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒತ್ತಿ ಹೇಳುತ್ತೇನೆ. ಟ್ರ್ಯಾಕ್ಟರ್, ಕಾರು ಎರಡನ್ನೂ ಓಡಿಸುವ ಎಷ್ಟೋ ಹೆಂಗಸರ ಹೆಸರಿನಲ್ಲಿ ಒಂದು ಕ್ರೆಡಿಟ್ ಕಾರ್ಡ್ ಇರುವುದಿಲ್ಲ. ವಿದೇಶದಲ್ಲಿ ನೀವು ಓಡಿಸುವವರಾದರೆ ತಿಂಗಳುಗಳ ಮೊದಲೇ ನಿಮ್ಮ ಹೆಸರಿನಲ್ಲೇ ಒಂದು ಮಾಡಿಸಿಕೊಳ್ಳಿ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಚಾಲೂ ಮಾಡಿ, ಮಿತಿ ಎಷ್ಟಿದೆ ನೋಡಿ. ನಮ್ಮ ಕಾರ್ಡಿನಲ್ಲಿ ಠೇವಣಿ ಎಂದು 1,200 ಯೂರೋ ತಡೆಹಿಡಿದರು, ಅಂದರೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಮಿತಿ ಕಡಿಮೆ ಇದ್ದರೆ ಕಾರು ಕೈಗೆ ಬರುವುದಿಲ್ಲ, ಕಟ್ಟಿದ ಬಾಡಿಗೆಯೂ ಹೋಗಬಹುದು. ಯಂತ್ರದ ಪರದೆಯ ಮೇಲೆ ಯೂರೋ ಬೇಕೋ ರೂಪಾಯಿ ಬೇಕೋ ಎಂದು ಕೇಳಿದರೆ ಯೂರೋವನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದಾಗುತ್ತದೆ, ನಷ್ಟ ನಿಮ್ಮದು.

ಆಮೇಲೆ ವಿಮೆಯ ಜಗ್ಗಾಟ. ನಾವು ಹೊರಗಡೆ ಕೊಂಡಿದ್ದ ವಿಮೆ ಇಲ್ಲಿ ನಡೆಯುವುದಿಲ್ಲ, ತಮ್ಮ ವಿಮೆಯನ್ನೇ ದಿನಕ್ಕೆ 32 ಯೂರೋ ಕೊಟ್ಟು ತೆಗೆದುಕೊಳ್ಳಬೇಕು ಎಂದು ಆತ ಪಟ್ಟು ಹಿಡಿದ. ನಡೆದದ್ದು ಅರ್ಧಸತ್ಯದ ವ್ಯಾಪಾರ. ಇಟಲಿಯಲ್ಲಿ ಮೂರನೆಯವರ ಹಾನಿಯ ವಿಮೆ ಕಾನೂನಿನ ಪ್ರಕಾರ ಕಾರಿಗೆ ಇದ್ದೇ ಇರುತ್ತದೆ. ನಮ್ಮ ಬಾಡಿಗೆಯಲ್ಲಿ ಕಾರಿಗಾಗುವ ಹಾನಿ ಮತ್ತು ಕಳ್ಳತನದ ರಕ್ಷಣೆಯೂ ಸೇರಿತ್ತು, ಆದರೆ ಒಂದು ಮೊತ್ತದವರೆಗೆ ನಾವೇ ಭರಿಸಬೇಕು. ಹೊರಗಿನ ವಿಮೆ ಆ ಮೊತ್ತವನ್ನು ನಮಗೆ ಆಮೇಲೆ ಮರಳಿಸುತ್ತದೆ, ಕೌಂಟರ್‌ನಲ್ಲಿ ಠೇವಣಿಯನ್ನು ತಗ್ಗಿಸುವುದಿಲ್ಲ. ಇಷ್ಟು ತಿಳಿದಿದ್ದರೆ ಹೆದರಬೇಕಿಲ್ಲ. ಟೈರು, ಗಾಜು, ಕಾರಿನ ತಳ ಇವಕ್ಕೆ ರಕ್ಷಣೆ ಇದೆಯೇ ಎಂಬುದನ್ನು ಮಾತ್ರ ಊರಲ್ಲೇ ಓದಿಕೊಂಡು ಹೋಗಿ, ಸಾಮಾನ್ಯವಾಗಿ ಬಿಟ್ಟುಹೋಗುವವು ಅವೇ. ನಾವು ಬೇಡವೆಂದೆವು. ಆತ ಮುಖ ಗಂಟಿಕ್ಕಿಕೊಂಡೇ ಕೀಲಿ ಕೊಟ್ಟ. ವಿಮಾನದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಬಂದವರನ್ನು ನಿಲ್ಲಿಸಿಕೊಂಡು ಹೀಗೆ ಹೆದರಿಸಿ ಹಣ ಕೀಳುವುದು ಅನ್ಯಾಯ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಅಂತರರಾಷ್ಟ್ರೀಯ ಪರವಾನಗಿಯ ಕೆಲಸ ಇದರ ಮುಂದೆ ಸಲೀಸು. ನಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ. ಸಾರಥಿ ಜಾಲತಾಣದಲ್ಲಿ ಅರ್ಜಿ, ನಮೂನೆ 4ಎ, ಶುಲ್ಕ 1,000 ರೂಪಾಯಿ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಕೊಡುವ ಆ ಪುಸ್ತಿಕೆ ಒಂದು ವರ್ಷ ನಡೆಯುತ್ತದೆ, ನವೀಕರಣವಿಲ್ಲ. ಇಟಲಿಯಲ್ಲಿ ಬರೀ ನಮ್ಮ ಸ್ಮಾರ್ಟ್ ಕಾರ್ಡ್ ತೋರಿಸಿದರೆ ಸಾಲದು, ಬರೀ ಪುಸ್ತಿಕೆಯೂ ಸಾಲದು, ಎರಡೂ ಜೊತೆಗಿರಬೇಕು. ಮನೆಯಲ್ಲಿ ಇಬ್ಬರು ಓಡಿಸಬಲ್ಲವರಿದ್ದರೆ ಇಬ್ಬರಿಗೂ ಮಾಡಿಸಿ.

ಇನ್ನು ಬಲಬದಿ. ಗೇರು ಬಲಗೈಗೆ ಬರುತ್ತದೆ, ಪೆಡಲುಗಳ ಕ್ರಮ ನಮ್ಮದೇ. ಚಾಲಕನ ಆಸನ ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕದಲ್ಲಿರಬೇಕು ಎಂಬುದೊಂದನ್ನು ನೆನಪಿಟ್ಟರೆ ಮಧ್ಯಾಹ್ನದೊಳಗೆ ಒಗ್ಗಿಹೋಗುತ್ತದೆ. ತಪ್ಪುವ ಸಾಧ್ಯತೆ ಇರುವುದು ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಹಾಕಿಸಿ ಹೊರಬರುವಾಗ, ಬೆಳಗಿನ ಮೊದಲ ತಿರುವಿನಲ್ಲಿ. ಅಂತಹ ಕಡೆಗಳಲ್ಲೆಲ್ಲ ಹಿಂದಿನ ಸೀಟಿನಿಂದ ನೆಗೆಣ್ಣಿ "ಬಲಕ್ಕೆ, ತಂಗಿ, ಬಲಕ್ಕೆ" ಎನ್ನುತ್ತಿದ್ದರು. ಅದು ನಿಜಕ್ಕೂ ನೆರವಾಯಿತು. ವೃತ್ತದಲ್ಲಿ ಆಗಲೇ ಸುತ್ತುತ್ತಿರುವವರಿಗೆ ದಾರಿ ಬಿಟ್ಟು, ನಂತರ ಬಲಕ್ಕೆ ಹೊರಳಿ ಒಳಸೇರಬೇಕು. ನಮ್ಮಲ್ಲಿಯ ಫ್ರೀ ಲೆಫ್ಟ್‌ನಂತೆ ಕೆಂಪು ದೀಪವಿದ್ದಾಗ ಬಲಕ್ಕೆ ನುಸುಳುವ ಹಾಗಿಲ್ಲ. ಊರೊಳಗೆ ಅಪಾಯದ ಹೊರತು ಹಾರ್ನ್ ನಿಷಿದ್ಧ. ಊರು ದಾಟಿದರೆ ಹಗಲಲ್ಲೂ ಹೆಡ್‌ಲೈಟ್ ಹಾಕಬೇಕು. ಮೊಬೈಲ್ ಕೈಯಲ್ಲಿ ಹಿಡಿದರೆ ದಂಡ 250 ಯೂರೋದಿಂದ ಆರಂಭ.

ಆದರೆ ಅಲ್ಲಿ ಪೊಲೀಸರಿಗಿಂತ ಕ್ಯಾಮೆರಾಗಳಿಗೇ ಹೆದರಬೇಕು. ಬಾಗಲಕೋಟೆಯ ನವನಗರದಲ್ಲಿರುವ ನನ್ನ ಸೋದರಮಾವನ ಮಗ ನಮಗಿಂತ ಮೊದಲು ಫ್ಲಾರೆನ್ಸ್‌ಗೆ ಹೋಗಿ ಬಂದಿದ್ದ. ಪ್ರವಾಸ ಮರೆತೇಹೋಗಿದ್ದಾಗ, ಎಂಟು ತಿಂಗಳ ಮೇಲೆ, ಇಟಲಿಯಿಂದ ಅವನ ಮನೆಗೆ ದಂಡದ ಪತ್ರ ಬಂತು. ವಿದೇಶಿಯರಿಗೆ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ಹಳೆಯ ಊರುಗಳ ನಡುಭಾಗಕ್ಕೆ ಪರವಾನಗಿ ಇಲ್ಲದ ವಾಹನಗಳು ಹೋಗುವಂತಿಲ್ಲ, ಅದನ್ನು ಝಡ್‌ಟಿಎಲ್ ಎನ್ನುತ್ತಾರೆ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ತಡೆಗಂಬವಿಲ್ಲ, ಕಾವಲುಗಾರನಿಲ್ಲ. ಒಮ್ಮೆ ಒಳಹೊಕ್ಕರೆ 80 ಯೂರೋಗೂ ಹೆಚ್ಚು ದಂಡ, ಸುತ್ತು ಹಾಕಿ ಮತ್ತೆ ಹೊಕ್ಕರೆ ಮತ್ತೊಂದು. ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಸಂಸ್ಥೆ ಬೇರೆ ಶುಲ್ಕವನ್ನು ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಮೊಬೈಲ್ ನಕ್ಷೆ ತೋರಿಸಿದ ದಾರಿ ಎಂದು ನಂಬಿ ನುಗ್ಗಬೇಡಿ. ಫಲಕದಲ್ಲಿ "ವಾರ್ಕೊ ಅತ್ತಿವೊ" (ನಿರ್ಬಂಧ ಜಾರಿಯಲ್ಲಿದೆ) ಎಂದು ಉರಿಯುತ್ತಿದ್ದರೆ ಅಲ್ಲಿಂದಲೇ ಬೇರೆ ದಾರಿ ಹಿಡಿಯಿರಿ. ಉಳಿಯುವ ಹೋಟೆಲ್ ಆ ವಲಯದೊಳಗಿದ್ದರೆ ಅವರು ನಿಮ್ಮ ಕಾರಿನ ಸಂಖ್ಯೆಯನ್ನು ನೋಂದಾಯಿಸಬಲ್ಲರೇ ಎಂದು ಮುಂಚಿತವಾಗಿ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಫ್ಲಾರೆನ್ಸ್‌ಗೆ ನಮ್ಮ ಉಪಾಯ ಇದು. ಎ1 ಹೆದ್ದಾರಿಯಿಂದ ನೇರವಾಗಿ ಒಳಸೇರುವ ವಿಲ್ಲಾ ಕೊಸ್ತಾಂಜಾ ಎಂಬ ನಿಲುಗಡೆ ಇದೆ. ಕಾರನ್ನು ಅಲ್ಲಿ ಬಿಟ್ಟು, ಅಲ್ಲಿಂದಲೇ ಹೊರಡುವ ಟಿ1 ಟ್ರಾಮ್ ಹತ್ತಿದರೆ ಊರಿನ ಮುಖ್ಯ ರೈಲು ನಿಲ್ದಾಣ. ಸಿಯೆನಾದಲ್ಲಿ ಸಾಂತಾ ಕತೆರೀನಾ ನಿಲುಗಡೆಯಿಂದ ಎಸ್ಕಲೇಟರ್‌ಗಳೇ ಗುಡ್ಡದ ಮೇಲಿನ ಊರಿಗೆ ಒಯ್ಯುತ್ತವೆ. ಮಂಡಿನೋವಿನ ಭಾವನವರು ಅದನ್ನು ಹೊಗಳಿದಷ್ಟು ಅಲ್ಲಿನ ಚರ್ಚನ್ನು ಹೊಗಳಲಿಲ್ಲ. ಬೀದಿಬದಿ ನಿಲ್ಲಿಸುವುದಾದರೆ ಬಿಳಿ ಗೆರೆ ಉಚಿತ, ನೀಲಿಗೆ ಹಣ, ಹಳದಿ ಮೀಸಲು. ಸಾನ್ ಜಿಮಿನ್ಯಾನೊದ ಬಗ್ಗೆ ಏನೂ ಬರೆಯಲಾರೆ. ನಿಲುಗಡೆಯಲ್ಲೇ ಅಷ್ಟು ಜನಜಂಗುಳಿ ಕಂಡು ಕಾರು ತಿರುಗಿಸಿದೆ. ಪಿಸಾದ ಗೋಪುರವನ್ನೂ ದೂರದಿಂದ ನೋಡಿದ್ದೇ ಸಾಕಾಯಿತು.

ಪಿಸಾ, ಫ್ಲಾರೆನ್ಸ್ ನಡುವಿನ ಫಿ-ಪಿ-ಲಿ ರಸ್ತೆಗೆ ಟೋಲ್ ಇಲ್ಲ, ಆದರೆ ಅಗಲ ಕಿರಿದು, ಲಾರಿಗಳ ಹಾವಳಿ ಬಹಳ, ಹೆಚ್ಚಿನ ಕಡೆ ವೇಗಮಿತಿ 90, ವೇಗ ಅಳೆಯುವ ಕ್ಯಾಮೆರಾಗಳೂ ಹೆಚ್ಚು. ಟೋಲ್ ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಅಲ್ಲಿ ನಮ್ಮ ಫಾಸ್ಟ್ಯಾಗ್‌ನಂಥ ಟೆಲಿಪಾಸ್ ಇರುವವರ ಹಳದಿ ಸಾಲಿಗೆ ಹೋಗಬೇಡಿ. ಅಕಸ್ಮಾತ್ ಸೇರಿದರೂ ಹಿಂದಕ್ಕೆ ಬರಬೇಡಿ, ಯಂತ್ರದ ಗುಂಡಿ ಒತ್ತಿ ಚೀಟಿ ಪಡೆದು 15 ದಿನಗಳೊಳಗೆ ಕಟ್ಟಿದರಾಯಿತು. ಬಂಕಿನಲ್ಲಿ ಸಿಬ್ಬಂದಿ ಬಂದು ತುಂಬಿಸುವ ಪಂಪಿಗೆ ಬೆಲೆ ಹೆಚ್ಚು, ನೀವೇ ತುಂಬಿಸಿಕೊಳ್ಳುವುದಕ್ಕೆ ಕಡಿಮೆ. ಇ5, ಇ10 ಎಂದು ವೃತ್ತದೊಳಗಿದ್ದರೆ ಪೆಟ್ರೋಲ್, ಬಿ7 ಎಂದು ಚೌಕದೊಳಗಿದ್ದರೆ ಡೀಸೆಲ್.

ಓಡಿಸುವ ಸುಖ ಬೇಕಾದವರು ಫ್ಲಾರೆನ್ಸ್‌ನಿಂದ ಗ್ರೇವೆ ಮೂಲಕ ಸಿಯೆನಾಕ್ಕೆ ಹೋಗುವ 222ನೇ ರಸ್ತೆ ಹಿಡಿಯಿರಿ. ಎರಡೂ ಬದಿ ಸಾಂಜೊವೇಸೆ ದ್ರಾಕ್ಷಿಯ ಇಳಿಜಾರು. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್‌ಗಳು ಮುಂದೆ ನಿಧಾನ ಸಾಗುತ್ತವೆ, ಸೈಕಲ್ ಸವಾರರೂ ಬಹಳ. ತಿರುವಿನಲ್ಲಿ ಮುಂದೆ ಹಾಯುವ ಗಡಿಬಿಡಿ ಬೇಡ. ನಾವಂತೂ ಆ ಟ್ರ್ಯಾಕ್ಟರ್‌ಗಳ ಹಿಂದೆಯೇ ಹೋಗುತ್ತ ಗೊನೆಗಳನ್ನು ನೋಡಿದೆವು.

ಊಟದ ವಿಷಯದಲ್ಲಿ ಒಂದೇ ಜಾಗ ಹೇಳುತ್ತೇನೆ, ಪೊಂತೆದೇರಾ. ಅದು ಪಿಯಾಜಿಯೊ ಕಾರ್ಖಾನೆಯ ಊರು. 1946ರಲ್ಲಿ ವೆಸ್ಪಾ, 1948ರಲ್ಲಿ ಆಪೆ ಬಂದದ್ದು ಅದೇ ಸಂಸ್ಥೆಯಿಂದ. ಬಾರಾಮತಿಯಲ್ಲಿ ತಯಾರಾಗಿ ನಮ್ಮ ಎಪಿಎಂಸಿಯಲ್ಲಿ ಚೀಲ ಹೊರುವ ಆಪೆಯ ತವರು ಇದು ಎಂದು ತಿಳಿದಾಗ ಯಜಮಾನರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಫಿ-ಪಿ-ಲಿ ಬಿಟ್ಟು ಊರೊಳಗೆ ಹೋದರೆ ಕಾರ್ಮಿಕರು ಮಧ್ಯಾಹ್ನ ಉಣ್ಣುವ ಸಣ್ಣ ಊಟದ ಮನೆಗಳಿವೆ, ಹೊರಗೆ ಹಲಗೆಯ ಮೇಲೆ ಆ ದಿನದ ಊಟ ಮತ್ತು ನಿಗದಿತ ಬೆಲೆ ಬರೆದಿರುತ್ತಾರೆ. ನಾವು ಕೊಟ್ಟದ್ದು ತಲೆಗೆ 12 ಯೂರೋ. ಮಾಂಸ, ಮೀನು, ಹಂದಿಯ ಕೊಬ್ಬು ಬೇಡವೆಂದು ಇಟಾಲಿಯನ್‌ನಲ್ಲಿ ಬರೆದುಕೊಂಡಿದ್ದ ಚೀಟಿಯನ್ನು ಮುಂದಿಟ್ಟೆವು. ಊಟ ಬಡಿಸುವ ತಾಯಿ ಚೀಟಿ ಓದಿ ಒಳಗೆ ಹೋಗಿ ಅಡುಗೆಯವನನ್ನೇ ಕರೆತಂದರು. ಬಂದದ್ದು ರಿಬೊಲ್ಲೀತಾ, ಬಿಳಿ ಕಾಳು, ಕಪ್ಪು ಎಲೆಕೋಸು, ಹಳೆಯ ಬ್ರೆಡ್ಡು ಹಾಕಿ ಕುದಿಸಿದ ಗಟ್ಟಿ ಸಾರು. ಆಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಪಾಲಕ್, ಆಲಿವ್ ಎಣ್ಣೆ ಸುರಿದ ಕಾಳು, ಕೊನೆಗೆ ಕಾಫಿ. ಇನ್ನಷ್ಟು ಬೇಕೇ ಎಂದು ಸನ್ನೆಯಲ್ಲೇ ಕೇಳಿ ಬಡಿಸಿದರು. ಪಕ್ಕದ ಪಿಜ್ಜಾ ಅಂಗಡಿಯಲ್ಲಿ ಚೆಚೀನಾ ಸಿಕ್ಕಿತು. ಕಡಲೆ ಹಿಟ್ಟನ್ನು ನೀರು, ಎಣ್ಣೆ, ಉಪ್ಪಿನಲ್ಲಿ ಕದಡಿ ದೊಡ್ಡ ತಟ್ಟೆಯಲ್ಲಿ ಒಲೆಯೊಳಗೆ ಸುಟ್ಟು ಮೇಲೆ ಮೆಣಸು ಉದುರಿಸುತ್ತಾರೆ, ನಮ್ಮ ಜುಣಕದ ವಡಿಯನ್ನೇ ತೆಳ್ಳಗೆ ಮಾಡಿದಂತೆ. ಅದರ ಮೇಲೆ ನೆಗೆಣ್ಣಿ ಊರಿಂದ ತಂದಿದ್ದ ಶೇಂಗಾ ಹಿಂಡಿ ಹಾಕಿಕೊಂಡು ತಿಂದೆವು. ಆ ಊರಿಗೆ ಮತ್ತೆ ಮತ್ತೆ ಕಾರು ತಿರುಗಿಸಿದ್ದೇ ಇದಕ್ಕಾಗಿ. ಮಧ್ಯಾಹ್ನ ಎರಡೂವರೆಯ ನಂತರ ಹೋದರೆ ಒಲೆ ಆರಿರುತ್ತದೆ, ಮೊದಲೇ ಹೋಗಿ.

ಕಾರು ಮರಳಿಸುವ ದಿನ ಮತ್ತೆ ಅದೇ ಸಂಸ್ಥೆಯ ಇನ್ನೊಂದು ಮುಖ ಕಂಡಿತು. ಪರಿಶೀಲಿಸಿದವನು ಹಿಂದಿನ ಎಡಗಾಲಿಯ ಮೇಲಿನ ಗೀರನ್ನು ತೋರಿಸಿ 280 ಯೂರೋ ಎಂದ. ಆ ಗೀರು ಮೊದಲೇ ಇತ್ತು. ಕೀಲಿ ಪಡೆದ ಕೂಡಲೇ ಭಾವನವರು ಕಾರಿನ ಸುತ್ತ ನಡೆದು ಪ್ರತಿ ಬಾಗಿಲು, ಪ್ರತಿ ಗಾಲಿ, ಚಾವಣಿ, ಇಂಧನದ ಮುಳ್ಳು, ಕಿಲೋಮೀಟರ್ ಎಲ್ಲವನ್ನೂ ವಿಡಿಯೊ ಮಾಡಿದ್ದರು, ನಿಲ್ದಾಣದ ಫಲಕವೂ ಅದರಲ್ಲಿ ಕಾಣುತ್ತಿತ್ತು. ವಿಡಿಯೊ ತೋರಿಸಿದರೂ ಆತ ಮೇಲಧಿಕಾರಿ ಇಲ್ಲವೆಂದು ಹಣ ಎಳೆದುಕೊಂಡ. ಊರಿಗೆ ಬಂದು ವಿಡಿಯೊ ಲಗತ್ತಿಸಿ ದೂರು ಬರೆದೆ, ಕಾರ್ಡ್ ಕೊಟ್ಟ ಬ್ಯಾಂಕಿಗೂ ತಕರಾರು ಸಲ್ಲಿಸಿದೆವು. ವಾರಗಳ ಓಲೆ ವ್ಯವಹಾರದ ಮೇಲೆ ಪೂರ್ತಿ ಹಣ ಮರಳಿತು, ಕ್ಷಮೆಯ ಒಂದು ಸಾಲೂ ಬರಲಿಲ್ಲ. ಆದ್ದರಿಂದ ಬಾಡಿಗೆ ಕರಾರು, ಮರಳಿಸಿದ ರಸೀದಿ, ಪೆಟ್ರೋಲ್ ಚೀಟಿ, ವಿಡಿಯೊ ಇವನ್ನು ಕನಿಷ್ಠ ಒಂದು ವರ್ಷ ಅಳಿಸಬೇಡಿ. ಕಾರ್ಡಿನ ಮಾಸಿಕ ಲೆಕ್ಕವನ್ನೂ ಅಷ್ಟೇ ಕಾಲ ನೋಡುತ್ತಿರಿ. ದಂಡದ ಪತ್ರವೇನಾದರೂ ಬಂದರೆ ಅದರಲ್ಲಿರುವ ಕಾರಿನ ಸಂಖ್ಯೆ, ದಿನಾಂಕ, ಗಂಟೆಗಳನ್ನು ಕರಾರಿನೊಂದಿಗೆ ಹೋಲಿಸಿ. ಸರಿಯಿದ್ದರೆ ಪತ್ರ ತಲುಪಿದ ಐದು ದಿನಗಳೊಳಗೆ ಕಟ್ಟಿಬಿಡಿ, ದಂಡದಲ್ಲಿ ಶೇಕಡ 30ರಷ್ಟು ಕಡಿಮೆಯಾಗುತ್ತದೆ.