ಸಂಡೂರಿನ ಅಜ್ಜಿಯ ಕ್ಯಾಲೆಂಡರ್

ಬಳ್ಳಾರಿ ಜಿಲ್ಲೆಯ ಸಂಡೂರನ್ನು ಸೆಪ್ಟೆಂಬರ್‌ನಲ್ಲೇ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರಂತೆ. 1934ರಲ್ಲಿ ಅವರು ಇಲ್ಲಿಗೆ ಬಂದಿದ್ದರು, ಆ ಮಾತನ್ನು ಊರಿನವರು ಇವತ್ತಿಗೂ ಹೇಳುತ್ತಾರೆ. ಅದನ್ನೇ ನಂಬಿ ನಾನು, ನನ್ನ ಗೆಳೆಯ 2024ರ ಸೆಪ್ಟೆಂಬರ್ ಕೊನೆಗೆ ಹೊರಟೆವು. ಹೊಸಪೇಟೆಯಲ್ಲಿ ಒಂದು ಬೈಕ್ ಬಾಡಿಗೆಗೆ ತಗೊಂಡೆವು. ಮೂರು ದಿನ ಸುತ್ತಿದೆವು.

ನಾರಿಹಳ್ಳದ ಗಂಡಿ ನೋಡಿದೆವು. ಕುಮಾರಸ್ವಾಮಿ ಗುಡಿಗೂ ಹೋದೆವು. ಅಲ್ಲಿನ ಪಾರ್ವತಿ ಗುಡಿ ತುಂಬಾ ಹಳೆಯದು, ಬಾದಾಮಿ ಚಾಲುಕ್ಯರ ಕಾಲದ್ದು. ಗುಡ್ಡಗಳು ನಿಜಕ್ಕೂ ಹಸಿರಾಗಿದ್ದವು. ಆ ಹಸಿರಿನ ನಡುನಡುವೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕಬ್ಬಿಣದ ಅದಿರಿನ ಕೆಂಪು ಗಣಿಗಳು. ಇದರ ಫೋಟೊ ಎಲ್ಲರೂ ಹಾಕುತ್ತಾರೆ, ನಾನು ಜಾಸ್ತಿ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದು ಎರಡನೇ ದಿನ ಮಧ್ಯಾಹ್ನ ಒಂದು ಹಳ್ಳಿಯ ಜಗಲಿ ಮೇಲೆ ಕೂತು ಕೇಳಿದ ಮಾತಿಗಾಗಿ.

ಅಲ್ಲಿಗೆ ಹೋಗಿದ್ದು ಬಿದ್ದದ್ದರಿಂದ. ಅದಿರು ತುಂಬಿದ ಟಿಪ್ಪರ್‌ಗಳ ಹಿಂದೆ ನಿಧಾನಕ್ಕೆ ಹೋಗುತ್ತಿದ್ದೆವು. ಮುಂದೆ ಎಲ್ಲೋ ಟ್ಯಾಂಕರ್ ಧೂಳು ಏಳದಿರಲಿ ಅಂತ ಆಗಷ್ಟೇ ರಸ್ತೆಗೆ ನೀರು ಹೊಡೆದು ಹೋಗಿತ್ತು. ಅದಿರಿನ ಧೂಳು ನೀರು ಕುಡಿದರೆ ಬೆಣ್ಣೆ ಸವರಿದ ಹಾಗಾಗುತ್ತದೆ. ಬ್ರೇಕ್ ಒತ್ತಿದ್ದೇ ತಡ, ಬೈಕ್ ಅಡ್ಡ ಮಲಗಿತು. ಪೆಟ್ಟೇನೂ ಆಗಲಿಲ್ಲ, ಆದರೆ ತಲೆಯಿಂದ ಕಾಲಿನವರೆಗೆ ಕುಂಕುಮ ಮೆತ್ತಿದಂತೆ ಕೆಂಪಾಗಿದ್ದೆವು. ರಸ್ತೆ ಪಕ್ಕದ ಮನೆಯ ಅಜ್ಜಿ ಕೂಗಿ ಕರೆದು, ಕೊಡ ತುಂಬಾ ನೀರು ಕೊಟ್ಟು, ಕೈಕಾಲು ತೊಳೆಸಿ, ಜಗಲಿ ಮೇಲೆ ಕೂರಿಸಿದರು. ಆಮೇಲೆ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಅವತ್ತಿನ ತಾರೀಖಿನ ಮನೆಯೊಳಗೆ ಪೆನ್ಸಿಲ್‌ನಿಂದ ಒಂದು ಗೀಟು ಎಳೆದರು.

ನಾನು ಕೇಳಿದೆ, "ಏನಜ್ಜಿ ಅದು?"

"ಟ್ಯಾಂಕರ್ ಬಂತಲ್ಲ ತಮ್ಮಾ, ಅದರ ಲೆಕ್ಕ."

ಪ್ರತಿ ತಾರೀಖಿನೊಳಗೆ ಸಣ್ಣ ಸಣ್ಣ ಗೀಟುಗಳು. ದಿನಕ್ಕೆ ನಾಲ್ಕು. ಬರದೇ ಹೋದರೆ ಗೀಟಿನ ಜಾಗದಲ್ಲಿ ಸೊನ್ನೆ. ಅಜ್ಜಿಗೆ ಓದು ಬರಹ ಬರುವುದಿಲ್ಲ, ಆದರೆ ಆ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಕ್ಯಾಲೆಂಡರ್ ಕೊಟ್ಟಿದ್ದು ಪಕ್ಕದ ಗಣಿ ಕಂಪನಿಯೇ. ಊರಿನ ಹೆಸರು, ಕಂಪನಿ ಹೆಸರು ಎರಡೂ ಬೇಡ ಅಂದರು, ಹಾಗಾಗಿ ಬರೆಯುತ್ತಿಲ್ಲ.

ಮೊದಲು ಹೇಗಿತ್ತು ಅಂತ ಕೇಳಿದೆ. "ರೊಟ್ಟಿ ತಟ್ಟಿದ್ರ ರೊಟ್ಟಿ ಮ್ಯಾಲೂ ಧೂಳು ಕೂಡ್ತಿತ್ತು. ಬಟ್ಟಿ ಒಣ ಹಾಕಂಗಿದ್ದಿಲ್ಲ. ಅವ್ರು ಶಾಲಿ ಹುಡುಗ್ರಿಗೆ ಬ್ಯಾಗು ಕೊಟ್ರು, ನಮಗ ಛತ್ರಿ ಕೊಟ್ರು. ತಗಂಡ್ವಿ. ಬ್ಯಾಗು ಕೊಟ್ರ ಧೂಳು ನಿಲ್ತೈತೇನು?"

ಗಣಿ ಎಂದರೆ ಆ ಊರಿಗೆ ಬರೀ ಧೂಳಲ್ಲ, ಅನ್ನ ಕೂಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಅಜ್ಜಿಯ ಮಗನ ಡ್ರೈವರ್ ಕೆಲಸ ಹೋಯಿತು. ಲಾರಿಗೆ ಸಾಲ ಮಾಡಿದ್ದ ಪಕ್ಕದ ಮನೆಯವರು ಊರೇ ಬಿಟ್ಟರು. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ, ಅಕ್ರಮ ಗಣಿಗಾರಿಕೆ, ಗಡಿ ಒತ್ತುವರಿ ಎಲ್ಲ ನಾವು ಪೇಪರ್‌ನಲ್ಲಿ ಓದಿದ್ದೆವು. ಇವರು ಅದನ್ನು ಒಲೆ ಮುಂದೆ ಕೂತು ಅನುಭವಿಸಿದ್ದರು. 2013ರ ಏಪ್ರಿಲ್‌ನಲ್ಲಿ ತನ್ನ ಸಮಿತಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ದನ್ನು ಕೋರ್ಟ್ ಒಪ್ಪಿತು. ಜಾಸ್ತಿ ಒತ್ತುವರಿ ಮಾಡಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮಣ್ಣಿನ ರಾಶಿಗೆ ತಡೆಗೋಡೆ ಕಟ್ಟಿ, ಹಳ್ಳಕ್ಕೆ ಚೆಕ್ ಡ್ಯಾಮ್ ಹಾಕಿ, ಗಣಿಯಿಂದ ಕೆಟ್ಟ ನೆಲ ಸರಿಪಡಿಸುವ ಪುನಶ್ಚೇತನ ಯೋಜನೆ ಪಾಲಿಸಬೇಕಾಯಿತು. ಆ ತಡೆಗೋಡೆಗಳು ರಸ್ತೆಯಿಂದಲೇ ಕಾಣುತ್ತವೆ, ನನಗೆ ಅವನ್ನು ನೋಡಿ ಸಮಾಧಾನವಾಯಿತು. ಆದರೆ ಕೋರ್ಟ್ ಹೇಳಿ ಮಾಡಿಸಿದ್ದು ಬೇರೆ, ಊರಿನವರು ನಂಬುವುದು ಬೇರೆ ಅಲ್ವಾ?

ಅಜ್ಜಿಯ ಮಾತಿನ ಪ್ರಕಾರ ಬದಲಾವಣೆ ಶುರುವಾಗಿದ್ದು ಸಾರ್ವಜನಿಕ ಅಹವಾಲು ಸಭೆಯ ದಿನ. ಗಣಿ ವಿಸ್ತರಣೆಗೆ ಪರಿಸರ ಅನುಮತಿ ಬೇಕೆಂದರೆ ಸಾಮಾನ್ಯವಾಗಿ ಆ ಸಭೆ ನಡೆಯಬೇಕು. 30 ದಿನ ಮೊದಲೇ ನೋಟಿಸ್ ಕೊಡಬೇಕು, ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ಮುಂದೆ ನಡೆಯಬೇಕು, ಎಲ್ಲವನ್ನೂ ವಿಡಿಯೊ ಮಾಡಬೇಕು, ಜನ ಎತ್ತಿದ ಆಕ್ಷೇಪಣೆಗಳನ್ನು ಕೊನೆಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕು. ಎಷ್ಟೋ ಕಡೆ ಶಾಮಿಯಾನ ಹಾಕಿ, ಊಟ ಹಾಕಿ ಮುಗಿಸಿಬಿಡುತ್ತಾರೆ. ಇಲ್ಲಿ ಹೆಂಗಸರು ಮೈಕ್ ಹಿಡಿದು ನಾಲ್ಕೇ ವಿಷಯ ಹೇಳಿದ್ದರು. ಧೂಳು, ಬೋರ್‌ವೆಲ್, ಗೋಡೆ ಬಿರುಕು, ಶಾಲೆ ಹೊತ್ತಿನಲ್ಲಿ ಓಡುವ ಟಿಪ್ಪರ್. ಸಭೆ ಮುಗಿದ ವಾರಕ್ಕೆ ಕಂಪನಿಯ ಒಬ್ಬ ಮ್ಯಾನೇಜರ್ ಒಬ್ಬರೇ ನಡೆದುಕೊಂಡು ಬಂದು ಇದೇ ಜಗಲಿ ಮೇಲೆ ಕೂತರಂತೆ. ಕೈಯಲ್ಲಿ ಏನೂ ತಂದಿರಲಿಲ್ಲ. ಧೂಳು ಯಾವ ಹೊತ್ತಿನಲ್ಲಿ ಜಾಸ್ತಿ ಅಂತ ಕೇಳಿದರಂತೆ.

"ಅಲ್ಲೀತನಕ ಯಾರೂ ಹೊತ್ತು ಕೇಳಿದ್ದಿಲ್ಲ ನೋಡು," ಅಂದರು ಅಜ್ಜಿ.

ಆಮೇಲೆ ಮಾತಾಗಿದ್ದು ಇಷ್ಟು. ದಿನಕ್ಕೆ ನಾಲ್ಕು ಸಲ ನೀರು. ಟಿಪ್ಪರ್ ಮೇಲೆ ತಾಡಪತ್ರಿ ಕಟ್ಟದೆ ಊರೊಳಗೆ ಬರುವ ಹಾಗಿಲ್ಲ. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಒಂದೊಂದು ಗಂಟೆ ಟಿಪ್ಪರ್ ಬಂದ್. ಬ್ಲಾಸ್ಟಿಂಗ್ ಹೇಳಿದ ಹೊತ್ತಿಗೇ, ಸೈರನ್ ಆದ ಮೇಲೆಯೇ. ಗೋಡೆ ಬಿರುಕು ಬಿಟ್ಟಿದ್ದು ಬ್ಲಾಸ್ಟಿಂಗ್‌ನಿಂದಲೋ ಅಲ್ಲವೋ ಅನ್ನುವ ಜಗಳಕ್ಕೆ ಒಂದು ದಾರಿ ಮಾಡಿದರು. ಪ್ರತಿ ಮನೆಯ ಪ್ರತಿ ಗೋಡೆಯ ಫೋಟೊ ತೆಗೆದು, ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಅವರಿಗೇ ಕೊಟ್ಟರು. ಅಜ್ಜಿ ಟ್ರಂಕಿನಿಂದ ಆ ಪ್ಲಾಸ್ಟಿಕ್ ಫೈಲ್ ತೆಗೆದು ತೋರಿಸಿದರು. ಅಡುಗೆಮನೆ ಗೋಡೆಯಲ್ಲಿ ಒಂದು ಹಳೇ ಬಿರುಕು ಇತ್ತು. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು, ಪಕ್ಕದಲ್ಲಿ ತಾರೀಖು. ನಡುವೆ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿದ್ದರು. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ, ಆಗ ಯಾರೂ ವಾದ ಮಾಡಬೇಕಿಲ್ಲ.

ತಿಂಗಳ ಮೊದಲ ದಿನ ಪಂಚಾಯ್ತಿ ಕಟ್ಟೆಯಲ್ಲಿ ಸೇರುತ್ತಾರೆ. ಕಂಪನಿಯವರು ಟ್ಯಾಂಕರ್‌ನ ಲಾಗ್‌ಬುಕ್ ತರುತ್ತಾರೆ, ಅಜ್ಜಿ ಕ್ಯಾಲೆಂಡರ್ ತರುತ್ತಾರೆ. ಎರಡನ್ನೂ ಎಲ್ಲರೆದುರು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಾನು ಕೇಳಿದ ಮಟ್ಟಿಗೆ, ಕಂಪನಿ ಆ ಊರಿನಲ್ಲಿ ಮಾಡಿದ್ದರಲ್ಲಿ ದೊಡ್ಡದು ಇದೇ. ತಮ್ಮ ತಪ್ಪನ್ನು ಹಿಡಿಯಬಲ್ಲ ಲೆಕ್ಕವನ್ನು ಊರಿನವರ ಕೈಗೇ ಕೊಟ್ಟರು.

ಇದು ಕೆಟ್ಟು ಹೋಗಿದ್ದೂ ಉಂಟು. ಆ ಮ್ಯಾನೇಜರ್‌ಗೆ ವರ್ಗವಾಯಿತು. ಹೊಸಬರು ಬಂದರು, ಟ್ಯಾಂಕರ್ ಒಂದೇ ಸಲ ಬರತೊಡಗಿತು, ತಿಂಗಳ ಸಭೆ ನಿಂತಿತು. ಅಜ್ಜಿ ಸೊನ್ನೆ ಹಾಕುತ್ತಾ ಹೋದರು. ಎರಡು ತಿಂಗಳ ಪುಟ ಸೊನ್ನೆಗಳಿಂದ ತುಂಬಿದ ಮೇಲೆ ಹೆಂಗಸರೆಲ್ಲ ಅದನ್ನೇ ಹಿಡಿದುಕೊಂಡು ರಸ್ತೆಗೆ ಅಡ್ಡ ಕೂತರು. ಒಂದೂವರೆ ದಿನ ಒಂದೂ ಟಿಪ್ಪರ್ ಕದಲಲಿಲ್ಲ. ಕೊನೆಗೆ ಹೊಸ ಮ್ಯಾನೇಜರ್ ಗ್ರಾಮಸಭೆಗೆ ಬಂದು "ತಪ್ಪು ನಮ್ಮದೇ" ಅಂದರಂತೆ. ಒಪ್ಪಂದವನ್ನು ಆಗ ಬರೆದು, ಪಂಚಾಯ್ತಿ ಗೋಡೆಗೆ ಅಂಟಿಸಿದರು. ಒಬ್ಬ ಒಳ್ಳೆಯ ಅಧಿಕಾರಿಯ ಮೇಲೆ ನಿಂತಿದ್ದ ಮಾತು ಆಮೇಲೆ ಕಾಗದದ ಮೇಲೆ ನಿಂತಿತು. "ಮೊದಲಿನಷ್ಟು ನಂಬಿಕಿ ಬರಾಕ ವರ್ಷ ಹಿಡೀತು," ಅಂದರು.

ಒಂದು ವಿಷಯಕ್ಕೆ ನನಗೆ ಸಿಟ್ಟು ಬಂತು. ಊರ ನಡುವೆ ಶುದ್ಧ ನೀರಿನ ಘಟಕ ಇದೆ, ಮೇಲೆ ಕಂಪನಿಯ ದೊಡ್ಡ ಬೋರ್ಡ್. ಅದು ಕಟ್ಟಿದ್ದು ಡಿಎಂಎಫ್ ಹಣದಲ್ಲಿ, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಅಂತ ಅಜ್ಜಿಯ ಮೊಮ್ಮಗಳು ಹೇಳಿದಳು, ಪಿಯುಸಿ ಓದುತ್ತಿದ್ದಾಳೆ. 2015ರ ಕಾನೂನಿನಂತೆ ಗಣಿಯವರು ರಾಜಧನದ (ಅದಿರು ತೆಗೆದಿದ್ದಕ್ಕೆ ಸರ್ಕಾರಕ್ಕೆ ಕೊಡುವ ಹಣ) ಜೊತೆಗೆ ಈ ನಿಧಿಗೂ ಕಟ್ಟಲೇಬೇಕು. ಹಳೇ ಗುತ್ತಿಗೆಯಾದರೆ ರಾಜಧನದ ಶೇಕಡಾ 30ರಷ್ಟು, ಹರಾಜಿನಲ್ಲಿ ಪಡೆದದ್ದಾದರೆ ಶೇಕಡಾ 10ರಷ್ಟು. ಗಣಿಯಿಂದ ತೊಂದರೆ ಆದ ಊರುಗಳ ಹಕ್ಕಿನ ದುಡ್ಡು ಅದು. ಅದರ ಮೇಲೆ ಕಂಪನಿ ಹೆಸರು ಬರೆದರೆ ಕೊಡುಗೆ ಅನ್ನಿಸಿಬಿಡುತ್ತದೆ. ಟ್ಯಾಂಕರ್ ವಿಷಯದಲ್ಲಿ ಇಷ್ಟು ನೇರವಾಗಿರುವವರು ಬೋರ್ಡ್ ವಿಷಯದಲ್ಲೂ ಹಾಗೇ ಇರಬೇಕು. ಮೊಮ್ಮಗಳು ಮುಂದಿನ ಸಭೆಯಲ್ಲಿ ಇದನ್ನು ಕೇಳುತ್ತೇನೆ ಅಂದಳು. ನನಗೆ ಖುಷಿಯಾಯಿತು.

ನಾವು ಹೊರಡುವ ಹೊತ್ತಿಗೆ ಸೈರನ್ ಕೂಗಿತು. "ಕೂಡ್ರಿ, ಆದಮ್ಯಾಲೆ ಹೋಗ್ರಿ," ಅಂದರು. ದೂರದಲ್ಲಿ ಧಡ್ ಅಂದಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಸಣ್ಣಗೆ ಕಿಣಿಗುಟ್ಟಿದವು. ಅಜ್ಜಿ ಎದ್ದು ಅಡುಗೆಮನೆಗೆ ಹೋಗಿ ಗಾಜಿನ ಪಟ್ಟಿ ಮೇಲೆ ಬೆರಳಾಡಿಸಿ ಬಂದರು. ಏನೂ ಆಗಿರಲಿಲ್ಲ.

ಹೋಗುವವರಿಗೆ ಎರಡು ಮಾತು. ಅದಿರು ರಸ್ತೆಯಲ್ಲಿ ಬೈಕ್ ಓಡಿಸುವುದಾದರೆ ಒಣಗಿದ ಧೂಳಿಗಿಂತ ಆಗಷ್ಟೇ ನೀರು ಬಿದ್ದ ಧೂಳಿಗೆ ಹೆದರಿ. ಇನ್ನೊಂದು, ಬಾಡಿಗೆ ಬೈಕ್ ತಗೊಳ್ಳುವಾಗ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಅಂಗಡಿಯವರಿಗೂ ಕಳಿಸಿ. ನಾವು ತೆಗೆದಿರಲಿಲ್ಲ. ಟ್ಯಾಂಕ್ ಮೇಲಿನ ಹಳೇ ತಗ್ಗಿಗೂ ನಮ್ಮದೇ ಹೊಣೆ ಅಂತ 2000 ರೂಪಾಯಿ ಅಡ್ವಾನ್ಸ್‌ನಲ್ಲಿ 800 ಹಿಡಿದುಕೊಂಡರು. ಅರ್ಧ ಗಂಟೆ ವಾದ ಮಾಡಿದೆವು. ಅಷ್ಟೂ ಹೊತ್ತು ನನ್ನ ಕಣ್ಣ ಮುಂದೆ ಇದ್ದದ್ದು ಅಜ್ಜಿಯ ಟ್ರಂಕಿನ ಆ ಪ್ಲಾಸ್ಟಿಕ್ ಫೈಲ್.

ಮೊನ್ನೆ ಮೊಮ್ಮಗಳು ಫೋನಿಗೆ ಒಂದು ಫೋಟೊ ಕಳಿಸಿದಳು. ಕ್ಯಾಲೆಂಡರ್‌ನ ಅಕ್ಟೋಬರ್ ಪುಟ. ಎಲ್ಲ ದಿನವೂ ನಾಲ್ಕು ಗೀಟು. ಒಂದು ದಿನ ಮಾತ್ರ ನಾಲ್ಕು ಸೊನ್ನೆ. ಅದರ ಕೆಳಗೆ ಅಜ್ಜಿ ಹೇಳಿ ಬರೆಸಿದ್ದರು: "ಜೋರು ಮಳಿ ಇತ್ತು. ಅವರ ತಪ್ಪಲ್ಲ."